ಮಾಬ್ಲನ ಪಂಪಿನ ಗೇಣಿ

ನಮ್ಮ ಕುಮಟಾ ಕಡೆ ಮೊಬೈಲ್ ಹಿಡಿದವರೆಲ್ಲ ಒಂದು ವಿಷಯದಲ್ಲಿ ಒಂದೇ ಮನೆಯವರು. ಪರದೆಯ ಮೇಲೆ ಉದ್ದನೆಯ ಬರಹ ಬಂತೋ, ಅದರ ಬುಡದಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿ ಕಂಡಿತೋ, ಒತ್ತಿ ಮುಂದೆ ಹೋಗುತ್ತೇವೆ. ವಕೀಲರೂ ಅಷ್ಟೇ, ಮಾಸ್ತರರೂ ಅಷ್ಟೇ, ಹೆದ್ದಾರಿ ಬದಿಯಲ್ಲಿ ಸೋಡಾ ಅಂಗಡಿ ಇಟ್ಟ ನಾನೂ ಅಷ್ಟೇ. ಆ ಬರಹದಲ್ಲಿ ನನ್ನ ಅಂಗಡಿಯನ್ನೇ ಕಂಪನಿಗೆ ಬರೆದುಕೊಟ್ಟಿದ್ದೇನೋ ಏನೋ, ದೇವರಾಣೆ ಗೊತ್ತಿಲ್ಲ. ಆದರೆ ಆ ಗುಂಡಿಯ ಪಕ್ಕದಲ್ಲಿ ‘ಒಪ್ಪುವುದಿಲ್ಲ’ ಎಂಬ ಇನ್ನೊಂದು ಗುಂಡಿಯೂ ಇರುತ್ತದೆ. ಅದನ್ನು ಒತ್ತಿದ ಮನುಷ್ಯ ಈ ದೇಶದಲ್ಲಿ ಒಬ್ಬನೇ ಒಬ್ಬ, ಮತ್ತು ಅವನ ಮನೆ ನನ್ನ ಬೇಲಿಯ ಆಚೆ ಇದೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಾಗುತ್ತದೆ, ತಲೆನೋವೂ ಬರುತ್ತದೆ.

ಅವನ ಹೆಸರು ಮಾಬ್ಲ ಗೌಡ. ಒಳ್ಳೆಯ ಮನುಷ್ಯ, ಬೀಡಿ ಕೂಡ ಸೇದುವುದಿಲ್ಲ. ಅವನ ಕೆಡುಕೆಲ್ಲ ಶುರುವಾದದ್ದು ಹೊನ್ನಾವರದ ಕೋರ್ಟಿನಲ್ಲಿ. ಯಾರದೋ ಗಡಿ ತಕರಾರಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದಾಗ ಒಬ್ಬ ವಕೀಲ ಇವನ ಬೆನ್ನು ತಟ್ಟಿ, ಓದದೆ ಯಾವುದಕ್ಕೂ ಒಪ್ಪಬೇಡ ಗೌಡಾ ಎಂದುಬಿಟ್ಟ. ವಕೀಲ ಚಹಾ ಕುಡಿದು ಮರೆತ, ಮಾಬ್ಲ ಮರೆಯಲಿಲ್ಲ. ಅಂದಿನಿಂದ ಪಾರ್ಸೆಲ್ ತಂದ ಹುಡುಗಿ ಗೇಟಿನ ಹೊರಗೆ ಬಿಸಿಲಲ್ಲಿ ಕಾಯಬೇಕು, ಇವನು ಪೆಟ್ಟಿಗೆಯ ಆರೂ ಮೈ ಓದಬೇಕು. ಮದುವೆಯ ಕರೆಯೋಲೆ ಬಂದರೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಊಟಕ್ಕೆ ನಿಲ್ಲಬೇಕು ಎಂದು ಎಲ್ಲೂ ಸ್ಪಷ್ಟ ಇಲ್ಲವಲ್ಲ ಎಂದು ಮದುಮಗನ ಅಪ್ಪನನ್ನೇ ಕೇಳುತ್ತಾನೆ. ಮದುಮಗನ ಅಪ್ಪ ಬೆವರು ಒರೆಸಿಕೊಂಡು ನನ್ನ ಅಂಗಡಿಗೆ ಬಂದು ಸೋಡಾ ಕುಡಿಯುತ್ತಾನೆ. ನನ್ನ ವ್ಯಾಪಾರಕ್ಕೆ ಇದರಿಂದ ನಷ್ಟವೇನೂ ಆಗಿಲ್ಲ.

ಇಂಥ ಮಾಬ್ಲ ಹೋದ ದೀಪಾವಳಿಗೆ ಪೇಟೆಯ ವಿಶ್ವನಾಥ ಶಾನಭಾಗರ ಅಂಗಡಿಗೆ ಹಳೆಯ ಪಂಪು ಕೊಟ್ಟು, ಬದಲಿಗೆ ಒಂದು ಹೊಸ ಪಂಪು ತಂದ. ಮೋಟರಿನ ಮೈಗೇ ಅಂಟಿಕೊಂಡ ನೀಲಿ ಪೆಟ್ಟಿಗೆ, ಅದರೊಳಗೆ ಒಂದು ಸಿಮ್ಮು. ಬಾವಿಯ ಹತ್ತಿರ ಹೋಗಿ ಗುಂಡಿ ಒತ್ತುವ ಕಷ್ಟ ಇಲ್ಲ, ಮೊಬೈಲಿನಲ್ಲಿ ಒತ್ತಿದರೆ ಎಲ್ಲಿಂದಾದರೂ ಚಾಲೂ. ಹೀಗಾಗಿ ಮಾಬ್ಲ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕುಮಟಾ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ಲಿಗೆ ಹೋಗುತ್ತಿದ್ದ. ಬನ್ಸು ತಿಂದು, ಕೈ ಒರೆಸಿಕೊಂಡು, ಸುತ್ತಲಿನವರೆಲ್ಲ ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಮೊಬೈಲ್ ಒತ್ತುತ್ತಿದ್ದ. “ಈಗ ನಮ್ಮ ನೀರುಳ್ಳಿಗೆ ನೀರು ಬಿತ್ತು” ಎನ್ನುತ್ತಿದ್ದ. ಸ್ಪ್ರಿಂಕ್ಲರಿನಿಂದ ನೀರುಳ್ಳಿಗೆ ಬೀಳುತ್ತಿದ್ದದ್ದು ನಿಜ. ಪಾತಿಯ ನಡುವೆ ಬಗ್ಗಿ ಕಳೆ ಕೀಳುತ್ತಿದ್ದ ಅವನ ಹೆಂಡತಿ ಸುಬ್ಬಿಯ ತಲೆಗೂ ಬೀಳುತ್ತಿತ್ತು. ಅವಳು ಬೈಯುವುದು ನನ್ನ ಅಂಗಡಿಗೆ ಕೇಳುತ್ತಿತ್ತು, ಹೋಟೆಲ್ಲಿಗೆ ಕೇಳುತ್ತಿರಲಿಲ್ಲ.

ಆ ನೀರುಳ್ಳಿ ಪಾತಿ ಕಾಗದದಲ್ಲಿ ಮಾಬ್ಲನದು, ಉಳಿದದ್ದೆಲ್ಲ ಸುಬ್ಬಿಯದು. ಬೀಜ ಕಾಯ್ದಿಟ್ಟವಳು ಅವಳು, ಸಸಿ ನೆಟ್ಟವಳು ಅವಳು. ಬೇಸಿಗೆಯಲ್ಲಿ ಗಡ್ಡೆಯನ್ನು ಎಲೆಸಮೇತ ಕಿತ್ತು, ಜಡೆ ಹೆಣೆದಂತೆ ಮಾಲೆ ಹೆಣೆದು ಹೆದ್ದಾರಿಯ ಬದಿ ನೇತುಹಾಕುವವಳೂ ಅವಳೇ. ನಮ್ಮ ಕಡೆಯ ಸಿಹಿ ನೀರುಳ್ಳಿಗೆ ಕಾರು ನಿಲ್ಲಿಸದವರು ಕಡಿಮೆ. ಹಿಂದಿನ ವರ್ಷ ಅಕಾಲದಲ್ಲಿ ಮಳೆ ಹೊಯ್ದು, ತಗ್ಗಿನಲ್ಲಿದ್ದ ಈ ಪಾತಿಯ ಗಡ್ಡೆಯೆಲ್ಲ ಕೊಳೆತು, ಊರಿನ ಉಳಿದವರ ಚಪ್ಪರದಲ್ಲೆಲ್ಲ ಅಷ್ಟಿಷ್ಟು ಮಾಲೆ ತೂಗುತ್ತಿದ್ದಾಗ ಸುಬ್ಬಿಯ ಚಪ್ಪರ ಮಾತ್ರ ಬರಿದಾಗಿತ್ತು. ಆ ಬೇಸಿಗೆಯಿಡೀ ಅವಳು ಹೆದ್ದಾರಿ ಕಡೆ ಮುಖ ಹಾಕಲಿಲ್ಲ. ಈ ಸಲ ಫೆಬ್ರವರಿಯಲ್ಲಿ ಗಡ್ಡೆ ಕಟ್ಟುವ ಹೊತ್ತಿಗೆ ಪಾತಿ ಹಸಿರೋ ಹಸಿರು. ಅವಳು ಮಾತಾಡುವಾಗಲೂ ಒಂದು ಕಣ್ಣು ಆ ಕಡೆಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ಮಾಬ್ಲ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಲಿಂಬು ಸೋಡಾ ಕುಡಿಯುತ್ತಿದ್ದ. ಹಿಂದೆ ಪಂಪು ಓಡುತ್ತಿತ್ತು. ಆಗ ಅವನ ಮೊಬೈಲಿಗೆ ಕಂಪನಿಯಿಂದ ಒಂದು ಬರಹ ಬಂತು, ಹೊಸ ಕರಾರು ಮಾಡಿದ್ದೇವೆ, ಒಪ್ಪಿ ಎಂದು. ಮಾಬ್ಲ ಕನ್ನಡಕ ಹಾಕಿದ. ಕರಾರು ಇಂಗ್ಲೀಷಿನಲ್ಲಿತ್ತು, ಕೆಳಗಿನ ಗುಂಡಿ ಎರಡು ಮಾತ್ರ ಕನ್ನಡದಲ್ಲಿ. ಅವನು ಬೆರಳಿನಿಂದ ಮೇಲೆ ತಳ್ಳುತ್ತಲೇ ಹೋದ, ಬರಹ ಬರುತ್ತಲೇ ಹೋಯಿತು. ಸೋಡಾದ ಗುಳ್ಳೆಯೆಲ್ಲ ಸತ್ತುಹೋಯಿತು. ಸುಮ್ಮನೆ ಒಪ್ಪಿಬಿಡು ಮಾರಾಯ, ಎಲ್ಲರೂ ಒಪ್ಪುವುದು ಹಾಗೇ ಎಂದೆ ನಾನು.

“ಓದದೆ ಒಪ್ಪೂಕೆ ನಾನೆಂತ ಕುರಿಯಾ?” ಎಂದು ಅವನು ಆ ಇನ್ನೊಂದು ಗುಂಡಿಯನ್ನು ಒತ್ತಿದ. ಖಚಿತವೇ ಎಂದು ಮೊಬೈಲ್ ಕೇಳಿತು. ಹೀಗೆ ಮರ್ಯಾದೆಯಿಂದ ಅವನನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಸಂತೋಷಪಟ್ಟು, ಖಚಿತ ಎಂದು ಒತ್ತಿದ. ಹಿಂದೆ ಓಡುತ್ತಿದ್ದ ಪಂಪು ಕೆಮ್ಮಿ ನಿಂತಿತು. ಆಮೇಲೆ ಕೇಳಿದ್ದು ಸುಬ್ಬಿಯ ದನಿ. ನೀರು ಬಿದ್ದದ್ದಕ್ಕಲ್ಲ, ನೀರು ನಿಂತದ್ದಕ್ಕೆ ಅವಳು ಕೂಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಇಲ್ಲಿಂದ ಮುಂದೆ ಯಾವ ಬುದ್ಧಿವಂತನಾದರೂ ಮೊಬೈಲ್ ತೆಗೆದು ಒಪ್ಪುತ್ತೇನೆ ಎಂದು ಒತ್ತುತ್ತಿದ್ದ, ಕತೆ ಮುಗಿಯುತ್ತಿತ್ತು. ಮಾಬ್ಲ ಬಸ್ಸು ಹತ್ತಿ ಶಾನಭಾಗರ ಅಂಗಡಿಗೆ ಹೋದ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ. ಶಾನಭಾಗರು ಕೊಂಕಣಿಯಲ್ಲಿ ದೇವರನ್ನು ನೆನೆದು ಕನ್ನಡದಲ್ಲಿ ಮಾತಾಡಿದರು. ಪಂಪು ಮಾರಿದ್ದು ನಾನು ಹೌದು, ಆದರೆ ಅದರ ಬುದ್ಧಿ ಕಂಪನಿಯ ಕೈಯಲ್ಲಿದೆ, ಕಂಪನಿ ಎಲ್ಲಿದೆಯೋ ನನಗೂ ತಿಳಿಯದು, ಅವರು ಅಲ್ಲಿಂದಲೇ ನಿಲ್ಲಿಸುತ್ತಾರೆ, ಅಲ್ಲಿಂದಲೇ ಬಿಡುತ್ತಾರೆ ಎಂದರು. ಪೆಟ್ಟಿಗೆ ಒಡೆದು ನೇರ ಕರೆಂಟು ಕೊಟ್ಟರೆ ಮೋಟರು ಸುಟ್ಟುಹೋಗುತ್ತದಂತೆ. ಹೇಳುತ್ತಿದ್ದ ಹಾಗೆಯೇ ಅವರ ಮೇಜಿನ ಮೇಲಿದ್ದ ಕಂಪ್ಯೂಟರ್ ಒಬ್ಬ ಗಿರಾಕಿಯ ಬಿಲ್ಲಿನ ನಡುವೆ ತಾನಾಗಿ ಮಲಗಿ, ದಯವಿಟ್ಟು ಕಾಯಿರಿ ಎಂದು ಬರೆದುಕೊಂಡಿತು. ಶಾನಭಾಗರು ಅದರ ಎದುರು ಕೈಕಟ್ಟಿ ಕೂತರು, ಗಿರಾಕಿಯೂ ಕೂತ. ಇದಕ್ಕೂ ನೀವು ಒಪ್ಪಿದ್ದೀರಾ ಎಂದು ಮಾಬ್ಲ ಕೇಳಿದ್ದಕ್ಕೆ, ಒಪ್ಪಿರಬೇಕು ಮಾರಾಯ, ಯಾವಾಗಲೋ ಒಪ್ಪಿರಬೇಕು ಎಂದರು.

“ಒಂದು ಬೆರಳಿನ ಕೆಲಸ ಮಾಬ್ಲಾ. ಒತ್ತಿ ಮನೆಗೆ ಹೋಗು. ಸುಬ್ಬಿ ನೀರುಳ್ಳಿ ಒಣಗ್ತದೆ” ಎಂದೆ ನಾನು.

“ಬೆರಳು ನಂದು” ಎಂದು ಮಾಬ್ಲ ಹೊರಗೆ ನಡೆದ.

ಮನೆಯಲ್ಲಿ ಸುಬ್ಬಿ ಅಟ್ಟದಿಂದ ಹಳೆಯ ಕೊಡಗಳನ್ನು ಇಳಿಸಿದ್ದಳು. ಕೈಗೊಂದರಂತೆ ಹಿಡಿದು ಬಾವಿಯ ಮೆಟ್ಟಿಲು ಇಳಿಯುವುದು, ಹತ್ತುವುದು, ಪಾತಿಗೆ ಚೆಲ್ಲುವುದು. ಮರಳು ನೆಲ, ಕುಡಿದಷ್ಟೂ ಸಾಲದು. ಮಾಬ್ಲನಿಗೂ ಒಂದು ಜೊತೆ ಕೊಡ ಸಿಕ್ಕಿತು. ಅವನು ಇಸ್ತ್ರಿ ಅಂಗಿಯಲ್ಲಿಯೇ ನೀರು ಹೊತ್ತ, ಹೊತ್ತಷ್ಟೂ ಹಟ ಬಲಿಯಿತು. ಎರಡು ಮೂರು ದಿನಕ್ಕೆ ಪಾತಿಯ ಆಚೆ ತುದಿಯಲ್ಲಿ ಎಲೆಯ ನೆತ್ತಿ ಹಳದಿಗೆ ತಿರುಗಿತು. ಗಂಡಸಿಗೆ ಹಟ ಇರಬೇಕು, ಆದರೆ ಹೆಂಡತಿಯ ಬೆಳೆಯ ಮೇಲೆ ಇರಬಾರದು ಎಂದು ನಾನು ಬೇಲಿಯ ಈಚೆಯಿಂದ ಹೇಳಿದೆ. ಹಾಗಾದರೆ ನೀನೂ ಒಂದು ಕೊಡ ಹಿಡಿ ದೇವಪ್ಪಣ್ಣ ಎಂದಳು ಸುಬ್ಬಿ. ಬುದ್ಧಿ ಹೇಳುವವನಿಗೆ ನಮ್ಮೂರಿನಲ್ಲಿ ಸಿಗುವ ಮರ್ಯಾದೆ ಇದು.

ಕೊನೆಗೆ ಕಂಪನಿಗೆ ಫೋನು ಮಾಡುವುದೆಂದಾಯಿತು. ಮೊದಲು ಮಾಬ್ಲನೇ ಮಾಡಿದ. ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ, ಒಪ್ಪಿಗೆಯಿದ್ದರೆ ಕಾಯಿರಿ ಎಂದಿತು ಅತ್ತಲಿನ ದನಿ. ಒಪ್ಪಿಗೆಯಿಲ್ಲ ಎಂದು ಇವನು ಫೋನು ಇಟ್ಟ. ಮತ್ತೆ ಮಾಡಿದ, ಮತ್ತೆ ಇಟ್ಟ. ಸುಬ್ಬಿಯ ಮುಖ ನೋಡಿ ನಾನೇ ನನ್ನ ಫೋನಿನಿಂದ ಮಾಡಿ, ಬಂದದ್ದಕ್ಕೆಲ್ಲ ಒಪ್ಪಿಕೊಂಡು, ರಂಜಿತಾ ಎಂಬ ಹುಡುಗಿಯನ್ನು ಹಿಡಿದುಕೊಟ್ಟೆ. ಪಾಪ, ಸಾಗರದ ಕಡೆಯ ಹುಡುಗಿ, ಸಭ್ಯಳು. ಮಾಬ್ಲ ಒತ್ತಿದ ಗುಂಡಿಯ ಹೆಸರು ಕೇಳಿ ಅವಳು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿದಳು. ಆಮೇಲೆ, ಸರ್ ಅದನ್ನು ಈವರೆಗೆ ಯಾರೂ ಒತ್ತಿಲ್ಲ, ಒತ್ತಿದರೆ ಏನು ಮಾಡಬೇಕೆಂದು ನಮಗೆ ಕಲಿಸಿಲ್ಲ ಎಂದಳು. ಕರಾರಿನ ಯಾವ ಮಾತಿಗೆ ನಿಮ್ಮ ತಕರಾರು ಎಂದು ಕೇಳಿದಳು.

ಮಾಬ್ಲನಿಗೆ ತಕರಾರು ಇದ್ದದ್ದು ಖರೆ, ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ. ಮೊದಲು ನೀವು ಪೂರ್ತಿ ಓದಿ ಹೇಳಿ, ಕನ್ನಡದಲ್ಲಿ, ಪಂಚರ ಎದುರು ಎಂದ. ಆ ಹುಡುಗಿಯ ಪುಣ್ಯವೋ ಪಾಪವೋ, ಮೇಲಿನವರು ಆಗಲಿ ಎಂದರಂತೆ.

ಮರುದಿನ ಮಧ್ಯಾಹ್ನ ನನ್ನ ಫೋನನ್ನು ಪಾತಿಯ ನಡುವೆ ಮಗುಚಿದ ಕೊಡದ ಮೇಲೆ ಇಟ್ಟೆವು. ಊರವರು ಬೇಲಿ ದಾಟಿ ಬಂದು ಕೂತರು. ಮಾಬ್ಲನ ತಾಯಿ ಸಣ್ಣಮ್ಮನಿಗೆ ಮಣೆ ಹಾಕಿದರು, ಸತ್ಯನಾರಾಯಣ ಕತೆಗೆ ಹಾಕಿದ ಹಾಗೆ. ರಂಜಿತಾ ಓದಿದಳು. ಕಂಪನಿಯು ತನಗೆ ಬೇಕಾದಾಗ, ಮುನ್ಸೂಚನೆಯಿಲ್ಲದೆ, ಉಪಕರಣದ ಒಳಗೆ ಪ್ರವೇಶಿಸಬಹುದು, ಬದಲಿಸಬಹುದು, ನಿಲ್ಲಿಸಬಹುದು. ಕೇಳುತ್ತ ಕೇಳುತ್ತ ಒಬ್ಬೊಬ್ಬರಿಗೆ ಒಂದೊಂದು ನೆನಪಾಯಿತು. ಮಾಸ್ತರರ ಮನೆಯ ಟೀವಿ ಒಂದು ದಿನ ತಾನಾಗಿ ಬಣ್ಣ ಬದಲಿಸಿದ್ದು, ಮೇಲಿನಕೇರಿಯ ರೂಪಾಳ ಲ್ಯಾಪ್‌ಟಾಪು ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನವರೆಗೆ ಚಕ್ರ ತಿರುಗಿಸಿದ್ದು. ಈವರೆಗೆ ಎಲ್ಲರೂ ತಮ್ಮ ಕೈಗುಣ ಸರಿಯಿಲ್ಲ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಈಗ ಪಾತಿಯಲ್ಲಿ ಗೌಜಿಯೋ ಗೌಜಿ. ನನಗೂ ಸಿಟ್ಟು ಬಂತು. ಕಾಸು ಕೊಟ್ಟು ತಂದ ವಸ್ತು ನಮ್ಮ ಮನೆಯಲ್ಲಿ ಕೂತು ಇನ್ನೊಬ್ಬರ ಮಾತು ಕೇಳುವುದೆಂದರೆ ಏನು ಹೇಳಿ.

ಹುಡುಗಿ ನೀರು ಕುಡಿದು ಮುಂದೆ ಓದಿದಳು. ಉಪಕರಣ ನಿಮ್ಮದು, ಆದರೆ ಅದನ್ನು ನಡೆಸುವ ತಂತ್ರಾಂಶ ಕಂಪನಿಯದು. ಅದನ್ನು ನೀವು ಕೊಂಡಿಲ್ಲ, ಬಳಸಲು ಅನುಮತಿ ಮಾತ್ರ ಪಡೆದಿದ್ದೀರಿ. ಷರತ್ತು ತಪ್ಪಿದರೆ ಅನುಮತಿ ಹಿಂದಕ್ಕೆ.

ಇಷ್ಟು ಹೊತ್ತು ತೂಕಡಿಸುತ್ತಿದ್ದ ಸಣ್ಣಮ್ಮ ಕಣ್ಣು ಬಿಟ್ಟಳು. “ಇದು ಗೇಣಿ ಅಲ್ದಾ?” ಎಂದಳು.

ಗೇಣಿ ಎಂದರೆ ಗೊತ್ತಲ್ಲ. ಇಲ್ಲಿನ ಗದ್ದೆಯೆಲ್ಲ ಒಂದು ಕಾಲಕ್ಕೆ ಒಡೆಯರದು. ಉತ್ತವರು ನಮ್ಮ ಅಜ್ಜಂದಿರು, ಬೆಳೆದದ್ದರಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಒಡೆಯರ ಅಂಗಳಕ್ಕೆ. ಅವರಿಗೆ ಮುನಿಸು ಬಂದರೆ ಗದ್ದೆ ಬಿಟ್ಟು ಏಳಬೇಕಿತ್ತು. ಆಮೇಲೆ ಕಾನೂನು ಬಂತು. ಗೇಣಿದಾರರು ತಾಲೂಕು ಕಚೇರಿಯಲ್ಲಿ ಡಿಕ್ಲರೇಷನ್ ಕೊಟ್ಟರು, ಉಳುವವನೇ ಒಡೆಯನಾದ. ಸಣ್ಣಮ್ಮ ಇದನ್ನೆಲ್ಲ ಕಣ್ಣಾರೆ ಕಂಡವಳು. ಒಡೆಯರಾದರೂ ಅಂಗಳಕ್ಕೆ ಬರುವಾಗ ಒಮ್ಮೆ ಕೆಮ್ಮುತ್ತಿದ್ದರು, ಈ ಕಂಪನಿಯವರಿಗೆ ಕೆಮ್ಮೂ ಇಲ್ಲವಲ್ಲ ಎಂದು ಅವಳು ಬೇಸರಪಟ್ಟಳು.

ಮುದುಕಿ ಮಾತಿಗೆ ಹೇಳಿದ್ದು. ಮಾಬ್ಲ ಎದ್ದು ನಿಂತ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ಕಂಪನಿ ಒಡೆಯ, ತಾನು ಗೇಣಿದಾರ, ಪಂಪು ಗೇಣಿಯ ಮೇಲಿದೆ. ಹಾಗಿದ್ದರೆ ಕಾನೂನು ತನ್ನ ಕಡೆ. “ನಾಳೆ ಡಿಕ್ಲರೇಷನ್ ಕೊಡ್ತೆ” ಎಂದ. ಊರು ಹೌದು ಹೌದು ಎಂದಿತು. ರಂಜಿತಾ ಫೋನಿನೊಳಗಿಂದ, ಸರ್ ಹಾಗಾದರೆ ಒಪ್ಪಿದ್ದೀರಾ ಎಂದು ಕೇಳುತ್ತಲೇ ಇದ್ದಳು.

ಮರುದಿನ ನಾವು ಮೂವರೂ ಕುಮಟಾ ತಾಲೂಕು ಕಚೇರಿಯಲ್ಲಿದ್ದೆವು. ಸುಬ್ಬಿ ಬಂದದ್ದು ಕಾನೂನಿನ ಆಸೆಯಿಂದಲ್ಲ. ಹಳದಿ ತಿರುಗಿದ ಒಂದು ಗಿಡವನ್ನು ಬೇರು ಸಮೇತ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಇದನ್ನು ನೋಡಿ ಯಾರಾದರೂ ಒಬ್ಬರು ಗಂಡನಿಗೆ ಬುದ್ಧಿ ಹೇಳಲಿ ಎಂಬುದಷ್ಟೇ ಅವಳ ಅರ್ಜಿ. ಬಾಗಿಲಲ್ಲಿನ ಗುಮಾಸ್ತ ಸರ್ವೆ ನಂಬರ್ ಕೇಳಿದ. ಮಾಬ್ಲ ಪಂಪಿನ ಮೈಮೇಲಿದ್ದ ನಂಬರ್ ಹೇಳಿದ. ಇದರಲ್ಲಿ ಇಂಗ್ಲೀಷ್ ಅಕ್ಷರ ಎಂತಕ್ಕೆ ಎಂದ ಗುಮಾಸ್ತ. ಹೊಸ ಸರ್ವೆ ಎಂದ ಮಾಬ್ಲ. ಚೆಕ್ಕುಬಂದಿ ಹೇಳು ಎಂದದ್ದಕ್ಕೆ, ಪೂರ್ವಕ್ಕೆ ಬಾವಿ, ಪಶ್ಚಿಮಕ್ಕೆ ಬದನೆ ಪಾತಿ, ಉತ್ತರಕ್ಕೆ ದೇವಪ್ಪನ ಬೇಲಿ, ದಕ್ಷಿಣಕ್ಕೆ ನನ್ನ ಹೆಂಡತಿ ಎಂದು ಒಂದೇ ಉಸಿರಿಗೆ ಹೇಳಿದ. ಗುಮಾಸ್ತ ಅರ್ಧ ಬರೆದು ಪೆನ್ನು ಕೆಳಗಿಟ್ಟು, ನಮ್ಮನ್ನು ಒಳಗೆ ಜಯಶ್ರೀ ಮೇಡಂ ಹತ್ತಿರ ಕಳಿಸಿದ. ತಾನೂ ಹಿಂದೆಯೇ ಬಂದ, ಪಹಣಿಗೆ ನಿಂತ ಸಾಲಿನವರೂ ಬಂದರು.

ಜಯಶ್ರೀ ಮೇಡಂ ಜಮೀನಿನ ತಕರಾರು ನೋಡುವ ಅಧಿಕಾರಿ. ನಗದೆ ಕೇಳಿಸಿಕೊಂಡರು, ಅದು ಅವರ ದೊಡ್ಡತನ. ಮಾಬ್ಲ ಹೊನ್ನಾವರ ಕೋರ್ಟಿನ ಧಾಟಿಯಲ್ಲಿ ಎಲ್ಲ ಹೇಳಿದ. ಕಂಪನಿ ಒಡೆಯನಂತೆ ದೂರದಲ್ಲಿ ಕೂತು ನೀರು ನಿಲ್ಲಿಸಿದೆ, ತಾನು ಗೇಣಿದಾರ, ಉಳುವವನೇ ಒಡೆಯ, ಆದ್ದರಿಂದ ಪಂಪಿನ ಬುದ್ಧಿಯನ್ನು ತನ್ನ ಹೆಸರಿಗೆ ಮಾಡಿಕೊಡಬೇಕು ಎಂದ. ಕೆಲವರು ತಲೆದೂಗಿದರು. ಹೇಳುವ ಠೀವಿ ನೋಡಿ ನನಗೂ ಕೇಸು ಗಟ್ಟಿಯಿದೆ ಎನ್ನಿಸಿತು.

ಆ ಪಾತಿಯ ಕಳೆ ಕೀಳುವವರು ಯಾರು ಎಂದು ಮೇಡಂ ಕೇಳಿದರು. ಸಾಕ್ಷಿ ಹೇಳಿ ಅಭ್ಯಾಸವಾದವನು ಅಧಿಕಾರಿಯ ಮೇಜಿನ ಎದುರು ಸುಳ್ಳು ಹೇಳಲಾರ. ಸುಬ್ಬಿ ಎಂದ. ನೆಡುವವರು? ಸುಬ್ಬಿ. ಪಂಪು ನಿಂತ ಮೇಲೆ ಹೆಚ್ಚು ನೀರು ಹೊತ್ತವರು? ಸ್ವಲ್ಪ ತಡೆದು, ಸುಬ್ಬಿ ಎಂದ.

“ಮತ್ತೆ ನೀವು ಎಂತ ಮಾಡ್ತೀರಿ?”

“ನಾನು ಪೇಟೆಯಲ್ಲಿ ಕೂತು ಚಾಲೂ ಮಾಡ್ತೆ.”

“ಕೆಲಸ ಮಾಡೂದು ಒಬ್ಬರು, ದೂರ ಕೂತು ನಡೆಸೂದು ಇನ್ನೊಬ್ಬರು. ಹಂಗಾರೆ ಇಲ್ಲಿ ಒಡೆಯ ಯಾರು ಗೌಡ್ರೆ?”

ಪಹಣಿ ಸಾಲಿನಲ್ಲಿದ್ದ ಹೆಂಗಸರು ಮಾತ್ರ ನಕ್ಕರು. ಕಂಪನಿಯ ಮೇಲೆ ಆದೇಶ ಮಾಡುವ ಅಧಿಕಾರ ನನಗಿಲ್ಲ, ಇದ್ದಿದ್ದರೂ ಈ ಡಿಕ್ಲರೇಷನ್ ನಿಮ್ಮ ಹೆಂಡತಿಯ ಹೆಸರಿನಲ್ಲಿ ಬರಬೇಕಿತ್ತು ಎಂದರು ಮೇಡಂ.

ಸೋತವನು ಸಾಕ್ಷ್ಯವನ್ನಾದರೂ ತೋರಿಸಬೇಕಲ್ಲ. ಮಾಬ್ಲ ಮೊಬೈಲನ್ನು ಮೇಜಿನ ಮೇಲೆ ಇಟ್ಟು, ನೋಡಿ ಮೇಡಂ, ಎರಡು ಗುಂಡಿ ಇಟ್ಟವರು ಅವರೇ, ಎರಡರಲ್ಲಿ ಒಂದನ್ನು ಒತ್ತಿದ್ದು ನನ್ನ ತಪ್ಪಾ ಎಂದ. ಮೇಡಂ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು, ನಾವೆಲ್ಲ ಬಗ್ಗಿದೆವು. ನಮ್ಮ ಕಣ್ಣೆದುರೇ ಪರದೆ ಕಪ್ಪಾಗಿ, ಚಕ್ರ ತಿರುಗಿ, ಮತ್ತೆ ಬೆಳಗಿತು. ಯಾರೂ ಮುಟ್ಟಿರಲಿಲ್ಲ. ಅದೇ ಕರಾರು, ಅದೇ ಬಣ್ಣ. ಬುಡದಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿ ಒಂದೇ ಇತ್ತು. ಇನ್ನೊಂದನ್ನು ಕಂಪನಿ ತೆಗೆದುಬಿಟ್ಟಿತ್ತು.

ಗುಮಾಸ್ತ ತನ್ನ ಕಿಸೆಯ ಮೊಬೈಲನ್ನು ಹೊರಗಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡ. ನನ್ನನ್ನು ನೋಡಿ ಹೆದರಿಬಿಟ್ಟರು ದೇವಪ್ಪಾ ಎಂದು ಮಾಬ್ಲ ಮೆಲ್ಲಗೆ ಹೇಳಿದ, ಆದರೆ ದನಿಯಲ್ಲಿ ಗಾಳಿ ಇರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಎಷ್ಟೆಂದರೂ ನಮ್ಮವನು, ಅವನು ಒತ್ತಿದ ಗುಂಡಿಯನ್ನು ಅವನ ಕೈಯಿಂದಲೇ ಕಿತ್ತುಕೊಂಡರಲ್ಲ.

ಸುಬ್ಬಿ ಸೆರಗಿನಲ್ಲಿದ್ದ ಗಿಡವನ್ನು ಮೇಜಿನ ತುದಿಗೆ ಇಟ್ಟು ಕೈ ಚಾಚಿದಳು. “ಕೊಡು” ಎಂದಳು. ಮಾಬ್ಲ ಮೊಬೈಲ್ ಕೊಟ್ಟ. ಡಿಕ್ಲರೇಷನ್ ನನ್ನ ಹೆಸರಲ್ಲೇ ಬರಬೇಕಿತ್ತು ಎಂದ ಮಾತು ಖರೆ ಹೌದಾ ಎಂದು ಅವಳು ಇನ್ನೊಮ್ಮೆ ಕೇಳಿದಳು, ಖರೆ ಎಂದರು ಮೇಡಂ. ಸುಬ್ಬಿ ಒತ್ತಿದಳು. ನಾನು ಸಣ್ಣಮ್ಮನಿಗೆ ಫೋನು ಮಾಡಿದೆ. ಪಂಪು ಓಡುತ್ತಿದೆ, ನೀರು ಬೀಳುತ್ತಿದೆ ಎಂದಳು ಮುದುಕಿ. ಆಚೆ ತುದಿಗೂ ಬೀಳುತ್ತಿದೆಯಾ ಎಂದು ಸುಬ್ಬಿ ನನ್ನಿಂದ ಕೇಳಿಸಿದಳು. ಬೀಳುತ್ತಿದೆ ಎಂಬ ಉತ್ತರ ಬಂದ ಮೇಲೆ ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಎಷ್ಟು ದಿನದಿಂದ ಆ ಉಸಿರು ಹಿಡಿದಿದ್ದಳೋ ಪಾಪ.

ಹೊರಗೆ ಮೆಟ್ಟಿಲ ಮೇಲೆ ಮಾಬ್ಲ ಮೊಬೈಲಿಗಾಗಿ ಕೈ ಚಾಚಿದ. ಸುಬ್ಬಿ ಅದನ್ನು ರವಿಕೆಯೊಳಗೆ ಇಟ್ಟುಕೊಂಡಳು.

“ನಂದೂ ಕರಾರಿದೆ” ಎಂದಳು. “ಪಂಪು ಬಿಡೂದು ನಾನು. ಬೆಳೆ ಕಿತ್ತ ದಿನವೇ ಆ ನೀಲಿ ಪೆಟ್ಟಿಗೆ ಶಾನಭಾಗರ ಅಂಗಡಿಗೆ ವಾಪಸ್. ಬಾವಿ ಹತ್ರ ಹೋಗಿ ಒತ್ತೂ ಹಳೇ ನಮೂನೆ ಪಂಪೇ ಸಾಕು ನಂಗೆ.”

“ಒಪ್ಪಿದೆ” ಎಂದ ಮಾಬ್ಲ, ಬಸ್ಸಿನ ಕಡೆ ನೋಡುತ್ತ.

“ಇನ್ನೂ ಮುಗೀಲಿಲ್ಲ. ಕಂಪನಿಯವ್ರದ್ದು ಮಧ್ಯಾಹ್ನ ಪೂರ್ತಿ ಕೂತು ಕೇಳಿದ್ಯಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನಂದು ಒಂದು ದಿನ ಕೇಳು.”

ಬಸ್ಸು ಬಂತು, ನಾನು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದರೆ ಮಾಬ್ಲ ಮೆಟ್ಟಿಲ ಮೇಲೆ ಕೂತಿದ್ದ. ಸುಬ್ಬಿ ಹೇಳುತ್ತಿದ್ದಳು, ಅವನು ಕೇಳುತ್ತಿದ್ದ.